ಕಾಡಂಚಿನ ಕ್ಯಾಮೆರಾ ಜಾಲ: ಆಯ್ಕೆ ಮತ್ತು ವಿದ್ಯುತ್ ವ್ಯವಸ್ಥೆ

(ಅರಣ್ಯದಂಚಿನ ಗ್ರಾಮ ಪಂಚಾಯಿತಿಗಳ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಅವಗಾಹನೆಗಾಗಿ.)



ಬೆಳಗಿನ ಜಾವ ಊರಿನಲ್ಲಿ ಮೊದಲು ಮನೆಯಿಂದ ಹೊರಬೀಳುವವರು ಯಾರೆಂಬುದು ಪ್ರತಿಯೊಬ್ಬ ಸದಸ್ಯರಿಗೂ ತಿಳಿದ ವಿಷಯ. ಮೋಟಾರು ಚಾಲೂ ಮಾಡಲು ಹೊರಡುವ ನೀರುಗಂಟಿ, ಡೇರಿಗೆ ಹಾಲು ಹಾಕಲು ಹೋಗುವ ಹೆಣ್ಣುಮಗಳು, ಮೂರು ಫೇಸ್ ವಿದ್ಯುತ್ತಿಗಾಗಿ ರಾತ್ರಿಯೆಲ್ಲ ಪಂಪ್‌ಸೆಟ್ಟಿನ ಬಳಿ ಕಾಯುವ ರೈತ, ಲೈನ್ ಮನೆಗಳಿಂದ ಕಾಫಿ ತೋಟಕ್ಕೆ ನಡೆದು ಬರುವ ಕಾರ್ಮಿಕರು. ಆನೆಯೂ ಚಿರತೆಯೂ ಕಾಡಿಗೆ ಮರಳುವ ಹೊತ್ತು ಅದೇ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದು, ದೇಶದಲ್ಲಿ ಅತಿ ಹೆಚ್ಚು ಆನೆಗಳಿರುವ ರಾಜ್ಯ ಇದಾಗಿದೆ. ಆದ್ದರಿಂದ ಕಾಡಂಚಿನ ಪಂಚಾಯಿತಿಗಳ ಸಭೆಗಳಲ್ಲಿ ಕ್ಯಾಮೆರಾ ಅಳವಡಿಸಬೇಕೆಂಬ ಬೇಡಿಕೆ ಪದೇ ಪದೇ ಕೇಳಿಬರುವುದು ಸಹಜವಾಗಿದೆ.

ಈ ಬೇಡಿಕೆ ನ್ಯಾಯವಾದದ್ದು. ಆದರೆ ಕೆಟ್ಟು ಮೌನವಾಗಿರುವ ಕ್ಯಾಮೆರಾ, ಕ್ಯಾಮೆರಾ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕರ. ಸಂದೇಶ ಬಂದಿಲ್ಲವಾದ್ದರಿಂದ ದಾರಿಯಲ್ಲಿ ಆನೆಯಿಲ್ಲ ಎಂದು ನಂಬಿ ಹೊರಟವನು ತನ್ನ ಸಹಜ ಎಚ್ಚರವನ್ನೂ ಬಿಟ್ಟಿರುತ್ತಾನೆ. ಖರೀದಿಗೆ ಮುನ್ನ ಈ ಮಾತನ್ನು ಸಭೆಯು ಮೊದಲು ಮನಗಾಣಬೇಕು.

ಉಪಕರಣದ ಹಿನ್ನೆಲೆ

ಪ್ರಾಣಿ ಎದುರು ಬಂದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಕನ್ನಡಿಗರಿಗೆ ಹೊಸದಲ್ಲ. ಹುಲಿಯ ಮೈಮೇಲಿನ ಪಟ್ಟೆಗಳನ್ನು ಗುರುತಿಸಿ ಎಣಿಸುವ ವಿಧಾನವನ್ನು ಡಾ. ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿಯೇ ರೂಪಿಸಿದರು. ಆದರೆ ಇಂದು ಮಾರುಕಟ್ಟೆಯಲ್ಲಿರುವ ಜಾಲ ಸಂಪರ್ಕದ ಕ್ಯಾಮೆರಾಗಳಲ್ಲಿ ಬಹುಪಾಲು ಅಮೆರಿಕದ ಬೇಟೆಗಾರರನ್ನು ದೃಷ್ಟಿಯಲ್ಲಿಟ್ಟು ತಯಾರಾದವು. ಅಲ್ಲಿ ಖಾಸಗಿ ಬೇಟೆ ಭೂಮಿಯ ಒಡೆಯರು ಜಿಂಕೆಗಳ ಓಡಾಟವನ್ನು ಮನೆಯಿಂದಲೇ ನೋಡಲು ಇವನ್ನು ಬಳಸುತ್ತಾರೆ. ಭಾರತದಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರನ್ವಯ ಬೇಟೆ ನಿಷಿದ್ಧ. ಇಲ್ಲಿ ಅದೇ ಉಪಕರಣದ ಉದ್ದೇಶ ಮನುಷ್ಯನನ್ನೂ ಪ್ರಾಣಿಯನ್ನೂ ಪರಸ್ಪರ ದೂರವಿರಿಸುವುದು.

ಈ ವ್ಯತ್ಯಾಸಕ್ಕೆ ಪ್ರಾಯೋಗಿಕ ಪರಿಣಾಮಗಳಿವೆ. ಬೇಟೆಗಾರನಿಗೆ ದಿನಕ್ಕೆ ಎರಡು ಬಾರಿ ಚಿತ್ರಗಳು ಒಟ್ಟಾಗಿ ಬಂದರೂ ಸಾಕು. ನೀರುಗಂಟಿಗೆ ಎರಡು ನಿಮಿಷದೊಳಗೆ ಸುದ್ದಿ ಬೇಕು. ಪೆಟ್ಟಿಗೆಯ ಮೇಲೆ ಮುದ್ರಿಸಿದ "ಬ್ಯಾಟರಿ ಆರು ತಿಂಗಳು" ಎಂಬ ಭರವಸೆ ಸಾಮಾನ್ಯವಾಗಿ ಮೊದಲನೆಯ ಬಗೆಯ ಬಳಕೆಗೆ ಸಂಬಂಧಿಸಿದ್ದು. ತಕ್ಷಣ ಕಳುಹಿಸುವ ಕ್ರಮಕ್ಕೆ ಬದಲಾಯಿಸಿದೊಡನೆ ಆ ಲೆಕ್ಕ ಉಳಿಯುವುದಿಲ್ಲ. ಆದಕಾರಣ ಸುದ್ದಿಯ ವೇಗ ಮತ್ತು ವಿದ್ಯುತ್ ಸಾಮರ್ಥ್ಯ ಇವೆರಡನ್ನೂ ಒಟ್ಟಿಗೇ ತೀರ್ಮಾನಿಸಬೇಕು.

ಜಾಲದ ಆಯ್ಕೆ

ಸಂಪರ್ಕದ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಪ್ರತಿ ಕ್ಯಾಮೆರಾದಲ್ಲಿಯೂ ಒಂದು ಸಿಮ್ ಇದ್ದು, ಅದು 4ಜಿ ಮೂಲಕ ನೇರವಾಗಿ ಚಿತ್ರ ಕಳುಹಿಸುತ್ತದೆ. ಮೊಬೈಲ್ ಸಂಪರ್ಕ ಚೆನ್ನಾಗಿರುವಲ್ಲಿ ಇದು ಸರಳ. ಆದರೆ ಪ್ರತಿ ಸಿಮ್ಮಿಗೂ ರೀಚಾರ್ಜ್ ವೆಚ್ಚವಿದೆ. ಅವಧಿ ಮುಗಿದ ದಿನ ಕ್ಯಾಮೆರಾ ಮೂಕವಾಗುತ್ತದೆ. ಎರಡನೆಯದರಲ್ಲಿ ಹಲವು ಕ್ಯಾಮೆರಾಗಳು ರೇಡಿಯೋ ಮೂಲಕ ಒಂದು ಕೇಂದ್ರ ಘಟಕಕ್ಕೆ ಚಿತ್ರ ದಾಟಿಸುತ್ತವೆ; ಆ ಘಟಕದಲ್ಲಿ ಮಾತ್ರ ಸಿಮ್ ಇರುತ್ತದೆ. ಕಣಿವೆಗಳಲ್ಲಿ ಮೊಬೈಲ್ ಸಂಪರ್ಕ ಸಿಗದ ಮಲೆನಾಡಿನ ಊರುಗಳಿಗೆ ಇದು ಹೆಚ್ಚು ಹೊಂದುತ್ತದೆ.

ಕೇಂದ್ರ ಘಟಕಕ್ಕೆ ಉತ್ತಮ ಸ್ಥಳ ಬಹುತೇಕ ಊರುಗಳಲ್ಲಿ ಈಗಾಗಲೇ ಇದೆ. ಕುಡಿಯುವ ನೀರಿನ ಓವರ್‌ಹೆಡ್ ಟ್ಯಾಂಕ್ ಪಂಚಾಯಿತಿಯ ಸ್ವತ್ತು. ಊರಿನ ಎತ್ತರದ ಕಟ್ಟಡಗಳಲ್ಲಿ ಒಂದು. ಅದರ ಪಂಪ್‌ಹೌಸಿನಲ್ಲಿ ವಿದ್ಯುತ್ತೂ ಇರುತ್ತದೆ. ಸದಾ ಎಚ್ಚರವಿದ್ದು ಉಳಿದ ಕ್ಯಾಮೆರಾಗಳ ಸಂದೇಶ ಕೇಳಬೇಕಾದ ಕೇಂದ್ರ ಘಟಕಕ್ಕೆ ಹೆಚ್ಚು ವಿದ್ಯುತ್ ಬೇಕು. ಅದನ್ನು ಟ್ಯಾಂಕಿನ ಮೇಲಿರಿಸಿ, ಕರೆಂಟು ಹೋದಾಗ ನಡೆಸಲು ಒಂದು ಬ್ಯಾಟರಿ ಜೋಡಿಸಿದರೆ ಅರ್ಧ ಸಮಸ್ಯೆ ಪರಿಹಾರವಾದಂತೆ.

ವಿದೇಶಿ ಉಪಕರಣ ಕೊಳ್ಳುವಾಗ ಎರಡು ಪರೀಕ್ಷೆಗಳು ಕಡ್ಡಾಯ. ಭಾರತದ 4ಜಿ ಸೇವೆ 3, 5, 8, 40 ಮುಂತಾದ ಬ್ಯಾಂಡ್‌ಗಳಲ್ಲಿ ನಡೆಯುತ್ತದೆ. ಅಮೆರಿಕದ ಬ್ಯಾಂಡ್‌ಗಳಿಗಷ್ಟೇ ತಯಾರಾದ ಕ್ಯಾಮೆರಾ ಇಲ್ಲಿ ಸಂಪರ್ಕ ಪಡೆಯದೇ ಹೋಗಬಹುದು. ಹಾಗೆಯೇ ಅಲ್ಲಿನ ಹಲವು ರೇಡಿಯೋ ಉಪಕರಣಗಳು 902ರಿಂದ 928 ಮೆಗಾಹರ್ಟ್ಸ್ ತರಂಗಾಂತರ ಬಳಸುತ್ತವೆ. ಇಲ್ಲಿ ಪರವಾನಗಿರಹಿತ ಬಳಕೆಗೆ ದೊರೆಯುವುದು 865 ಮೆಗಾಹರ್ಟ್ಸ್‌ನಿಂದ ಆರಂಭವಾಗುವ ಬೇರೆ ವಲಯ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆಯನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯತಕ್ಕದ್ದು. ಸಂಪರ್ಕದ ಪರೀಕ್ಷೆಯನ್ನು ಬೇಸಿಗೆಯಲ್ಲಷ್ಟೇ ನಡೆಸಿ ತೃಪ್ತರಾಗಬಾರದು. ಮಳೆಯಲ್ಲಿ ತೊಯ್ದ ದಟ್ಟ ಎಲೆಗಳು ರೇಡಿಯೋ ಸಂಕೇತವನ್ನು ಗಣನೀಯವಾಗಿ ಹೀರಿಕೊಳ್ಳುತ್ತವೆ.

ವಿದ್ಯುತ್ತಿನ ಲೆಕ್ಕ

ಕಾಡಂಚಿನ ಒಂದು 4ಜಿ ಕ್ಯಾಮೆರಾವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು 12 ವೋಲ್ಟ್‌ನಲ್ಲಿ ಕಾಯುತ್ತಿರುವಾಗ 10 ಮಿಲಿಆಂಪಿಯರ್ ಬಳಸಿದರೆ ದಿನಕ್ಕೆ 240 ಮಿಲಿಆಂಪಿಯರ್-ಗಂಟೆ ವ್ಯಯವಾಗುತ್ತದೆ. ಒಂದು ಚಿತ್ರ ಕಳುಹಿಸಲು 5 ಮಿಲಿಆಂಪಿಯರ್-ಗಂಟೆ ಎಂದಿಟ್ಟುಕೊಂಡರೆ 60 ಚಿತ್ರಗಳಿಗೆ 300. ಒಟ್ಟು 540, ಅಂದರೆ ಅರ್ಧ ಆಂಪಿಯರ್-ಗಂಟೆಗಿಂತ ತುಸು ಹೆಚ್ಚು. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಅದರ ಆಯುಸ್ಸು ಬೇಗ ಕುಂದುತ್ತದೆ. ಹಾಗಾಗಿ 12 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಬಳಕೆಗೆ ದೊರೆಯುವುದು 6 ಮಾತ್ರ. ಅದು ಬಿಸಿಲಿಲ್ಲದ 11 ದಿನಗಳಿಗೆ ಸಾಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಬೆಲೆ ಹೆಚ್ಚು. ಆದರೆ ಅದರ ಬಹುಪಾಲು ಸಾಮರ್ಥ್ಯವನ್ನು ಬಳಸಬಹುದು, ಸಾವಿರಾರು ಬಾರಿ ಚಾರ್ಜ್ ಮಾಡಬಹುದು.

ಈಗ ಕ್ಯಾಮೆರಾದ ಎದುರು ಒಂದು ಲಂಟಾನ ಪೊದೆ ಗಾಳಿಗೆ ಅಲುಗುತ್ತಿದೆಯೆಂದು ಭಾವಿಸಿರಿ. ಈ ಕ್ಯಾಮೆರಾಗಳ ಸಂವೇದಕವು ಹಿನ್ನೆಲೆಗಿಂತ ಭಿನ್ನವಾದ ಶಾಖದ ಚಲನೆಯನ್ನು ಗುರುತಿಸುವಂಥದ್ದು. ಬಿಸಿಲಿಗೆ ಕಾದ ಎಲೆಯ ಅಲುಗಾಟವನ್ನೂ ಅದು ಪ್ರಾಣಿಯೆಂದೇ ತಿಳಿಯಬಹುದು. ದಿನಕ್ಕೆ 60ರ ಬದಲು 300 ಚಿತ್ರಗಳು ಹೋದರೆ ಅದೇ ಬ್ಯಾಟರಿ ಮೂರೂವರೆ ದಿನಕ್ಕೆ ಮುಗಿಯುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ಒಂದು ಕೊಂಬೆ ಸವರುವುದು ಅಗ್ಗ. ಕ್ಯಾಮೆರಾವನ್ನು ಪೂರ್ವ ಅಥವಾ ಪಶ್ಚಿಮಕ್ಕೆ ತಿರುಗಿಸದಿದ್ದರೆ ಸೂರ್ಯನ ನೇರ ಬೆಳಕಿನಿಂದಾಗುವ ಸುಳ್ಳು ಚಿತ್ರಗಳೂ ಕಡಿಮೆಯಾಗುತ್ತವೆ.

ಸೌರಫಲಕವನ್ನು ಕ್ಯಾಮೆರಾದ ಮರಕ್ಕೇ ಕಟ್ಟುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಮರದ ನೆರಳಿನಲ್ಲಿ ಫಲಕ ನಿರುಪಯುಕ್ತ. ಅದನ್ನು ಬಯಲಿನ ಕಂಬದ ಮೇಲೆ ದಕ್ಷಿಣಕ್ಕೆ ವಾಲಿಸಿ ನಿಲ್ಲಿಸಿ, ತಂತಿಯನ್ನು ಇಲಿ ಕಡಿಯದಂತೆ ಕೊಳವೆಯೊಳಗೆ ಹಾಯಿಸಬೇಕು. ಮೋಡ ಕವಿದ ದಿನಗಳಲ್ಲಿ ಫಲಕದ ಉತ್ಪಾದನೆ ತೀರಾ ಕುಗ್ಗುವುದರಿಂದ, ಬಯಲುಸೀಮೆಯಲ್ಲಿ 10 ವ್ಯಾಟ್ ಸಾಕೆನಿಸುವ ಕಡೆ ಮಲೆನಾಡಿನಲ್ಲಿ 20 ವ್ಯಾಟ್ ಇರಿಸುವುದು ವಿವೇಕ. ಲೆಕ್ಕವನ್ನು ಯಾವಾಗಲೂ ಆಷಾಢದ ಸೋನೆ ಮಳೆಗೆ ಹಾಕಬೇಕು.

ಸ್ಥಳ ಮತ್ತು ಎತ್ತರ

ಆನೆಗಳು ದಾಟುವ ಕಡವು, ಕುಸಿದ ಆನೆಕಂದಕ, ಬೇಲಿ ಮುರಿದ ಜಾಗ ಇವನ್ನು ಊರಿನ ದನಗಾಹಿಗಳಷ್ಟು ಚೆನ್ನಾಗಿ ಬಲ್ಲವರಿಲ್ಲ. ಅವರನ್ನು ಕೇಳಿಯೇ ಸ್ಥಳ ನಿಗದಿಪಡಿಸಬೇಕು. ಚಿರತೆಗಾಗಿ ಕ್ಯಾಮೆರಾವನ್ನು ಮೊಣಕಾಲೆತ್ತರದಲ್ಲಿ ಕಟ್ಟುತ್ತಾರೆ. ಆನೆ ಓಡಾಡುವಲ್ಲಿ ಅದನ್ನು ಸೊಂಡಿಲಿಗೆ ಸುಲಭವಾಗಿ ನಿಲುಕದ ಎತ್ತರದಲ್ಲಿ, ಕೆಳಮುಖವಾಗಿ ಬಿಗಿಯಬೇಕು. ಎರಡಕ್ಕೂ ಒಂದೇ ಕ್ಯಾಮೆರಾ ಸಾಲದು. ರಾತ್ರಿ ಬೆಳಕು 940 ನ್ಯಾನೋಮೀಟರ್‌ನದಾದರೆ ಕಣ್ಣಿಗೆ ಕಾಣದು, ದೂರ ಕಡಿಮೆ. 850ರದು ಹೆಚ್ಚು ದೂರ ಹಾಯುತ್ತದೆ, ಆದರೆ ಮಂದ ಕೆಂಪಾಗಿ ಕಾಣುತ್ತದೆ.

ಜನರ ಮಾನ ಮತ್ತು ಕಾನೂನು

ಅರಣ್ಯ ಭೂಮಿಯಲ್ಲಿ ಕ್ಯಾಮೆರಾ ಅಳವಡಿಸುವ ಅಧಿಕಾರ ಪಂಚಾಯಿತಿಗಿಲ್ಲ. ಅದು ಅರಣ್ಯ ಇಲಾಖೆಯ ಕಾರ್ಯ. ಪಂಚಾಯಿತಿಯ ಭೂಮಿಯಲ್ಲಿ, ಅಥವಾ ಒಡೆಯರ ಲಿಖಿತ ಒಪ್ಪಿಗೆಯಿರುವ ಜಮೀನಿನಲ್ಲಿ, ವಲಯ ಅರಣ್ಯಾಧಿಕಾರಿಗಳೊಡನೆ ಸಮಾಲೋಚಿಸಿಯೇ ಅಳವಡಿಸತಕ್ಕದ್ದು.

ಉತ್ತರಾಖಂಡದ ಕಾರ್ಬೆಟ್ ಪ್ರದೇಶವನ್ನು ಕುರಿತು 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಪ್ರಾಣಿಗಳಿಗಾಗಿ ಇಟ್ಟ ಕ್ಯಾಮೆರಾಗಳಲ್ಲಿ ಮಹಿಳೆಯರ ಚಿತ್ರಗಳೂ ಸೆರೆಯಾಗಿ, ಅಂಥದ್ದೊಂದು ಚಿತ್ರ ವಾಟ್ಸಾಪ್‌ನಲ್ಲಿ ಹರಿದಾಡಿದ್ದನ್ನು ದಾಖಲಿಸಿದೆ. ಕಟ್ಟಿಗೆಗೆ ಹೋಗುವಾಗ ಪ್ರಾಣಿಗಳು ದೂರ ಸರಿಯಲೆಂದು ಹಾಡುತ್ತಿದ್ದ ಹೆಂಗಸರು ಕ್ಯಾಮೆರಾದ ಅಂಜಿಕೆಯಿಂದ ದನಿ ತಗ್ಗಿಸಿದರು, ಅಪಾಯ ಹೆಚ್ಚಿತು. ಆದ್ದರಿಂದ ಹೊಳೆಗೆ, ಬಯಲಿಗೆ ಹೋಗುವ ದಾರಿಗಳಲ್ಲಿ ಕ್ಯಾಮೆರಾ ಸಲ್ಲದು. ಸ್ಥಳ ನಿರ್ಧಾರದಲ್ಲಿ ಮಹಿಳಾ ಸದಸ್ಯರ ಒಪ್ಪಿಗೆ ಇರಬೇಕು, ಫಲಕ ಹಾಕಿ ಜನರಿಗೆ ತಿಳಿಸಬೇಕು, ಮನುಷ್ಯರ ಚಿತ್ರಗಳನ್ನು ಅಳಿಸಬೇಕು. ಚಿರತೆಯ ಚಿತ್ರವನ್ನು ಸ್ಥಳದ ಹೆಸರಿನೊಡನೆ ಹಂಚುವುದೂ ತಪ್ಪು; ಅದು ಜನಜಂಗುಳಿಯನ್ನೂ ಕಳ್ಳಬೇಟೆಗಾರರನ್ನೂ ಕರೆದಂತೆ.

ಚಿತ್ರದಿಂದ ಮನೆಬಾಗಿಲಿಗೆ

ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆಗಳ ಸುಳಿವನ್ನು ಮೊಬೈಲ್ ಸಂದೇಶಗಳ ಮೂಲಕವೂ, ಮೊಬೈಲಿನಿಂದಲೇ ಉರಿಸಬಹುದಾದ ಕೆಂಪು ದೀಪಗಳ ಮೂಲಕವೂ ಜನರಿಗೆ ತಲುಪಿಸುವ ಪದ್ಧತಿ ಬೆಳೆದುಬಂದಿದೆ. ಓದು ಬಾರದವರಿಗೂ ದೂರದಿಂದ ದೀಪ ಅರ್ಥವಾಗುತ್ತದೆ. ಕ್ಯಾಮೆರಾ ಕಳುಹಿಸಿದ ಚಿತ್ರವನ್ನು ನಸುಕಿನ ನಾಲ್ಕು ಗಂಟೆಗೆ ನೋಡುವವರು ಯಾರು, ಅವರು ರಜೆಯಲ್ಲಿದ್ದರೆ ಯಾರು, ದೀಪ ಉರಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಹೆಸರು ಸಹಿತ ಉತ್ತರ ಸಿಗುವವರೆಗೆ ಖರೀದಿ ಮುಂದೂಡುವುದು ಲೇಸು.

ಸಭೆಯ ನಡಾವಳಿಯಲ್ಲಿ ಈ ಅಂಶಗಳು ದಾಖಲಾಗಲಿ:

1. ಪ್ರತಿ ಕ್ಯಾಮೆರಾ ದಿನಕ್ಕೊಮ್ಮೆ ಬ್ಯಾಟರಿಯ ಸ್ಥಿತಿ ಸಹಿತ ಸಂದೇಶ ಕಳುಹಿಸಬೇಕು. ಸಂದೇಶ ಬಾರದಿದ್ದರೆ ಆ ದಾರಿಯಲ್ಲಿ ಕಾವಲಿಲ್ಲವೆಂದು ಅಂದೇ ಸಂಜೆ ಊರಿಗೆ ತಿಳಿಸತಕ್ಕದ್ದು.
2. ಸಿಮ್ಮುಗಳು ಪಂಚಾಯಿತಿಯ ಹೆಸರಿನಲ್ಲಿರಲಿ. ಅಂದಾಜಿನಲ್ಲಿ ಮೂರು ವರ್ಷಗಳ ರೀಚಾರ್ಜ್, ಬ್ಯಾಟರಿ ಮತ್ತು ನಿರ್ವಹಣೆಯ ವೆಚ್ಚ ಸೇರಿರಲಿ.
3. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರಂತೆ ಖರೀದಿ ನಡೆಯಲಿ. ಹಣ ಪಾವತಿಗೆ ಮುನ್ನ ಒಂದು ಮಳೆಗಾಲದ ಪರೀಕ್ಷೆಯ ಷರತ್ತು ಇರಲಿ.
4. ಮೊದಲು ಎರಡು ಕ್ಯಾಮೆರಾಗಳಿಂದ ಆರಂಭಿಸಿ, ಅನುಭವವನ್ನು ಗ್ರಾಮಸಭೆಯ ಮುಂದಿಟ್ಟು ವಿಸ್ತರಿಸಲಿ.
5. ಅರಣ್ಯ ಸಹಾಯವಾಣಿ 1926 ಪ್ರತಿ ಫಲಕದಲ್ಲಿಯೂ ಇರಲಿ.

ಕ್ಯಾಮೆರಾ ಎಷ್ಟು ಚಿತ್ರ ತೆಗೆಯಿತೆಂಬುದು ಯೋಜನೆಯ ಅಳತೆಗೋಲಲ್ಲ. ದೀಪ ಉರಿಯುತ್ತಿರುವುದನ್ನು ಕಂಡು ನೀರುಗಂಟಿ ಅರ್ಧ ಗಂಟೆ ತಡವಾಗಿ ಮೋಟಾರು ಚಾಲೂ ಮಾಡಿದರೆ, ಅಂದು ನೀರು ತಡವಾಯಿತೆಂದು ಯಾರೂ ಆತನನ್ನು ಆಕ್ಷೇಪಿಸದಂತೆ ಸದಸ್ಯರು ನೋಡಿಕೊಳ್ಳಬೇಕು.