ಇವೆಟ್ ಯಾರ ಕಡೆ?



ಒಂದು ಪ್ರಾಂತ್ಯ ತನ್ನ ದೇಶವನ್ನು ಬಿಟ್ಟು ಸ್ವತಂತ್ರ ದೇಶವಾಗಬೇಕೇ ಎಂಬುದು ನಾನು ಇಂದು ಮಾತಾಡಲಿರುವ ವಿಷಯ. ಇದು ರಾಜಕಾರಣಿಗಳ ಮಾತು, ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಭಾಷೆಯ ಕಾರಣಕ್ಕೆ ಈ ಪ್ರಶ್ನೆ ಎದ್ದ ಒಂದು ಊರಿನಲ್ಲಿ ಪ್ರಚಾರದ ದಿಕ್ಕನ್ನೇ ತಿರುಗಿಸಿದವರು ಹೆಂಗಸರು. ಹಾಗಾಗಿ ಕೆನಡಾದ ಕ್ವೆಬೆಕ್ ಪ್ರಾಂತ್ಯದ ಕಥೆಯನ್ನು ಆರಿಸಿಕೊಂಡಿದ್ದೇನೆ.

ಕ್ವೆಬೆಕ್‌ನಲ್ಲಿ ನೂರಕ್ಕೆ ಸುಮಾರು ಎಂಬತ್ತು ಜನರ ಮಾತು ಫ್ರೆಂಚ್. ಆದರೂ 1960ರ ದಶಕದವರೆಗೆ ಮಾಂಟ್ರಿಯಲ್ ನಗರದ ದೊಡ್ಡ ಕಂಪನಿಗಳಲ್ಲಿ ಮೇಲಿನ ಕುರ್ಚಿಯ ಭಾಷೆ ಇಂಗ್ಲಿಷ್ ಆಗಿತ್ತು. ತಮ್ಮದೇ ನೆಲದಲ್ಲಿ ಫ್ರೆಂಚರ ಗಳಿಕೆ ಇಂಗ್ಲಿಷಿನವರಿಗಿಂತ ಬಹಳ ಕಡಿಮೆ ಎಂದು ಕೆನಡಾ ಸರ್ಕಾರವೇ ನೇಮಿಸಿದ ಆಯೋಗ ಹೇಳಿತು. ಆ ನೋವು ನಿಜವಾದದ್ದು. ಅದರಿಂದ 1968ರಲ್ಲಿ ರೆನೆ ಲೆವೆಕ್ ಅವರ ನಾಯಕತ್ವದಲ್ಲಿ ಪಾರ್ತಿ ಕೆಬೆಕ್ವಾ ಎಂಬ ಪಕ್ಷ ಹುಟ್ಟಿತು, 1976ರಲ್ಲಿ ಅಧಿಕಾರಕ್ಕೂ ಬಂತು. ಮರುವರ್ಷವೇ ಅದು ಭಾಷಾ ಕಾಯ್ದೆ ತಂದಿತು. ಕಚೇರಿಯಲ್ಲಿ, ಕೆಲಸದ ಜಾಗದಲ್ಲಿ, ಅಂಗಡಿಯ ಬೋರ್ಡಿನ ಮೇಲೆ ಫ್ರೆಂಚ್. ಹೊರದೇಶಗಳಿಂದ ವಲಸೆ ಬಂದವರ ಮಕ್ಕಳಿಗೂ ಫ್ರೆಂಚ್ ಶಾಲೆ. ಬೋರ್ಡಿನ ಜಗಳ ಕೇಳಿ ಬೆಳೆದ ನಮಗೆ ಇದು ಹೊಸದೇನೂ ಅಲ್ಲ.

ಇನ್ನು ಇವೆಟ್ ಯಾರು ಎಂದು ಹೇಳುತ್ತೇನೆ. ಅಲ್ಲಿನ ಶಾಲೆಯ ಪಠ್ಯಪುಸ್ತಕದಲ್ಲಿ ಗೀ ಎಂಬ ಹುಡುಗನೂ ಇವೆಟ್ ಎಂಬ ಹುಡುಗಿಯೂ ಇದ್ದರು. ಗೀ ಆಟದಲ್ಲಿ ಚಾಂಪಿಯನ್ ಆಗುವ ಕನಸು ಕಾಣುತ್ತಾನೆ. ಇವೆಟ್ ಅಮ್ಮನಿಗೆ ಮನೆಗೆಲಸದಲ್ಲಿ ನೆರವಾಗುವ ಜಾಣೆ. ನಮ್ಮ ಕಾಲದ ಪುಸ್ತಕಗಳಲ್ಲಿ ಕಮಲ ಪಾತ್ರೆ ತೊಳೆಯುತ್ತಿದ್ದಳು, ಬಸವ ಶಾಲೆಗೆ ಹೋಗುತ್ತಿದ್ದ, ಅಷ್ಟೇ ವ್ಯತ್ಯಾಸ.

1980ರ ಮೇ 20ಕ್ಕೆ ಜನಮತಗಣನೆ ನಿಗದಿಯಾಯಿತು. ಆಗ ಲೀಝ್ ಪಾಯೆಟ್ ಎಂಬ ಮಂತ್ರಿ ಇದ್ದರು. ಹೆಣ್ಣುಮಕ್ಕಳ ಹಕ್ಕಿಗಾಗಿ ದುಡಿದವರು. ಇವೆಟ್ ಆಗಿಯೇ ಉಳಿಯಬೇಡಿ, ಹೆದರಬೇಡಿ, ‘ಹೌದು’ ಎನ್ನಿ ಎಂದು ಅವರು ಕರೆ ಕೊಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ‘ಬೇಡ’ ಪಕ್ಷದ ನಾಯಕ ಕ್ಲೋದ್ ರಯಾನ್ ಅವರ ಹೆಂಡತಿಯೂ ಒಬ್ಬ ಇವೆಟ್ಟೇ ಎಂದುಬಿಟ್ಟರು. ಆ ಹೆಂಡತಿ ಮಾದ್ಲೆನ್ ರಯಾನ್ ಸಾರ್ವಜನಿಕ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿಕೊಂಡಿದ್ದ ಹೆಂಗಸು. ಪಾಯೆಟ್ ಶಾಸನಸಭೆಯಲ್ಲಿ ಕ್ಷಮೆ ಕೇಳಿದರು, ಆದರೆ ಮಾತು ಊರು ಸುತ್ತಿಯಾಗಿತ್ತು. ಏಪ್ರಿಲ್ 7ರಂದು ಮಾಂಟ್ರಿಯಲ್‌ನ ಫೋರಂ ಕ್ರೀಡಾಂಗಣದಲ್ಲಿ ‘ನಾನೂ ಇವೆಟ್’ ಎನ್ನುತ್ತ ಹದಿನಾಲ್ಕು ಸಾವಿರದಷ್ಟು ಹೆಂಗಸರು ಸೇರಿದರು. ಮತ ಎಣಿಸಿದಾಗ ನೂರಕ್ಕೆ ಸುಮಾರು 60 ಮಂದಿ ‘ಬೇಡ’ ಎಂದಿದ್ದರು. ಇದಕ್ಕೆ ಇವೆಟ್‌ಗಳೊಬ್ಬರೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ತನ್ನಂತೆ ಮತ ಹಾಕದ ಹೆಣ್ಣನ್ನು ಅಂಜುಬುರುಕಿ ಎಂದು ಕರೆಯುವ ಚಳವಳಿ ಯಾರಿಗೆ ಸ್ವಾತಂತ್ರ್ಯ ತರಲು ಹೊರಟಿದೆ ಎಂದು ಕೇಳಲೇಬೇಕಾಗುತ್ತದೆ. ಕ್ವೆಬೆಕ್‌ನ ಹೆಂಗಸರಿಗೆ ಪ್ರಾಂತ್ಯದ ಚುನಾವಣೆಯಲ್ಲಿ ಮತದ ಹಕ್ಕು ಬಂದದ್ದೇ 1940ರಲ್ಲಿ, ಕೆನಡಾದ ಎಲ್ಲ ಪ್ರಾಂತ್ಯಗಳಿಗಿಂತ ಕೊನೆಗೆ. ಅಷ್ಟು ಕಾದು ಪಡೆದ ಮತ ಅದು.

ಹದಿನೈದು ವರ್ಷದ ಮೇಲೆ, 1995ರ ಅಕ್ಟೋಬರ್ 30ರಂದು, ಮತ್ತೆ ಅದೇ ಪ್ರಶ್ನೆ. ನೂರಕ್ಕೆ 93ಕ್ಕೂ ಹೆಚ್ಚು ಜನ ಮತ ಹಾಕಿದರು. ‘ಬೇಡ’ ಎಂದವರು 50.58, ‘ಹೌದು’ ಎಂದವರು 49.42. ಅಂತರ ಐವತ್ತೈದು ಸಾವಿರ ಮತಗಳಿಗಿಂತಲೂ ಕಡಿಮೆ. ಆ ರಾತ್ರಿ ಪ್ರಾಂತ್ಯದ ಪ್ರಧಾನಿ ಝಾಕ್ ಪಾರಿಝೋ, ಹಣದಿಂದಲೂ ಪರ ಜನಾಂಗದವರ ಮತದಿಂದಲೂ ತಾವು ಸೋತದ್ದು ಎಂಬರ್ಥದ ಮಾತಾಡಿದರು. ಮರುದಿನ ರಾಜೀನಾಮೆ ಘೋಷಿಸಿದರು.

ಆ ಮಾತನ್ನು ಓದಿದಾಗ ನನಗೆ ನಮ್ಮ ನೆನಪೇ ಬಂತು. ಪುಣೆಯಲ್ಲಿ, ಮುಂಬಯಿಯಲ್ಲಿ, ಚೆನ್ನೈಯಲ್ಲಿ ನಾವು ಇನ್ನೊಂದು ಭಾಷೆಯ ನೆಲದಲ್ಲಿ ಬದುಕು ಕಟ್ಟಿದವರು. ತೆರಿಗೆ ಕಟ್ಟುತ್ತೇವೆ, ಮಕ್ಕಳು ಇಲ್ಲಿನ ಭಾಷೆ ಮಾತಾಡುತ್ತಾರೆ, ಗಣಪತಿ ಹಬ್ಬದಲ್ಲಿ ನೆರೆಯವರ ಜತೆ ಆರತಿ ಹಾಡುತ್ತೇವೆ. ಅಂಥವರನ್ನು ಒಂದು ದಿನ ‘ನಮ್ಮ ಸೋಲಿಗೆ ನೀವೇ ಕಾರಣ’ ಎಂದರೆ ಹೇಗಿರುತ್ತದೆ? ಹಾಗೆಯೇ, ಕರ್ನಾಟಕದಲ್ಲಿ ನೆಲೆಸಿರುವ ಪರಭಾಷಿಕರನ್ನು ಕುರಿತು ನಾವು ಆಡುವ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು.

ಇನ್ನೊಂದು ಗುಂಪನ್ನು ಮರೆಯಬಾರದು. ಕ್ವೆಬೆಕ್‌ನ ಉತ್ತರದ ಕಾಡುಗಳಲ್ಲಿ ಕ್ರೀ ಎಂಬ ಮೂಲನಿವಾಸಿಗಳಿದ್ದಾರೆ. ದೊಡ್ಡ ಜಲವಿದ್ಯುತ್ ಅಣೆಕಟ್ಟುಗಳು ಎದ್ದದ್ದು ಅವರ ನೆಲದಲ್ಲಿ. 1995ರಲ್ಲಿ ಅವರು ತಮ್ಮದೇ ಮತದಾನ ನಡೆಸಿದರು. ನಮ್ಮ ಒಪ್ಪಿಗೆಯಿಲ್ಲದೆ ನಮ್ಮನ್ನೂ ನಮ್ಮ ನೆಲವನ್ನೂ ಕೆನಡಾದಿಂದ ಬೇರೆ ಮಾಡುವಂತಿಲ್ಲ ಎಂದು ನೂರಕ್ಕೆ 96 ಮಂದಿ ಹೇಳಿದರು. ಕೆನಡಾದಿಂದ ಕ್ವೆಬೆಕ್ ಹೊರಡಬಹುದಾದರೆ ಕ್ವೆಬೆಕ್‌ನಿಂದ ಕ್ರೀ ಜನ ಏಕೆ ಹೊರಡಬಾರದು? ಈ ಪ್ರಶ್ನೆಗೆ ಪ್ರತ್ಯೇಕತೆಯ ನಾಯಕರ ಬಳಿ ನೇರ ಉತ್ತರ ಇರಲಿಲ್ಲ.

ಹಾಗಾದರೆ ಬೇರೆಯಾಗುವುದೇ ತಪ್ಪೇ? ನಾನು ಹಾಗೆನ್ನುವುದಿಲ್ಲ. ಬಾಂಗ್ಲಾದೇಶವನ್ನು ನೋಡಿ. 1952ರಲ್ಲಿ ಬಂಗಾಳಿ ಭಾಷೆಗಾಗಿ ಢಾಕಾದಲ್ಲಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. 1970ರ ಚುನಾವಣೆ ಗೆದ್ದರೂ ಅಧಿಕಾರ ಸಿಗಲಿಲ್ಲ, 1971ರಲ್ಲಿ ಸೈನ್ಯ ಬಂತು. ಒಳಗಿನ ಬಾಗಿಲೆಲ್ಲ ಮುಚ್ಚಿದಾಗ ಮನೆ ಬಿಡುವುದೊಂದೇ ದಾರಿ. ಕ್ವೆಬೆಕ್‌ನಲ್ಲಿ ಬಾಗಿಲು ತೆರೆದಿತ್ತು. ತನ್ನ ಶಾಸನಸಭೆಯಲ್ಲಿ ತಾನೇ ಕಾಯ್ದೆ ಮಾಡಿ ಫ್ರೆಂಚನ್ನು ಉಳಿಸಿಕೊಂಡಿತು. 1956ರಲ್ಲಿ ಕನ್ನಡಿಗರು ಒಂದು ರಾಜ್ಯವಾಗಿ ಸೇರಿದ್ದೂ ದೇಶದ ಒಳಗಿದ್ದುಕೊಂಡೇ. ಆದ್ದರಿಂದ ಕ್ವೆಬೆಕ್ ವಿಷಯದಲ್ಲಿ ನನ್ನ ಮತ ‘ಬೇಡ’.

1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಒಂದು ನ್ಯಾಯವಾದ ಮಾತು ಹೇಳಿತು. ಪ್ರಾಂತ್ಯ ತಾನಾಗಿ ಎದ್ದು ಹೋಗುವಂತಿಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಜನ ಸ್ಪಷ್ಟ ಬಹುಮತದಿಂದ ‘ಹೌದು’ ಎಂದರೆ ಉಳಿದ ದೇಶ ಕಿವಿ ಮುಚ್ಚಿಕೊಳ್ಳುವಂತಿಲ್ಲ, ಕೂತು ಮಾತಾಡಲೇಬೇಕು. ಕೂಡುಕುಟುಂಬದಲ್ಲಿ ಪಾಲು ಕಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪಾಲು ಕೇಳಿದವನನ್ನು ಹೊಡೆಯುವುದೂ ಸಲ್ಲದು, ರಾತ್ರೋರಾತ್ರಿ ಗೋಡೆ ಎಬ್ಬಿಸುವುದೂ ಸಲ್ಲದು.

ಯಾವ ನೆಲದವರೇ ಆಗಲಿ, ‘ನಾವು ಬೇರೆಯಾಗುತ್ತೇವೆ’ ಎಂದಾಗ ನಾನು ಮೊದಲು ಕೇಳುವುದು ಒಂದೇ: ಆ ‘ನಾವು’ ಎಂಬುದರಲ್ಲಿ ಇವೆಟ್ ಇದ್ದಾಳೆಯೇ, ಕ್ರೀ ಹೆಂಗಸು ಇದ್ದಾಳೆಯೇ, ಬೇರೆ ಊರಿಂದ ಬಂದು ನೆಲೆಸಿದವಳು ಇದ್ದಾಳೆಯೇ? ಅವರು ‘ಬೇಡ’ ಎಂದ ಮೇಲೂ ಅವರು ನಮ್ಮವರೇ ಎನ್ನುವ ಮನಸ್ಸು ಇದೆಯೇ? ಅದಿಲ್ಲದಿದ್ದರೆ ಹೊಸ ದೇಶದಲ್ಲೂ ಹಳೆಯ ಅನ್ಯಾಯವೇ ನಡೆಯುತ್ತದೆ.