ಊರಿಂದ ಅಮ್ಮ ಬರಬೇಕು: ವಿಮಾನವಾ, ರೈಲಾ, ಬಸ್ಸಾ?

ನಾನಿರೋದು ಠಾಣೆಯ ಘೋಡಬಂದರ್ ರಸ್ತೆಯಲ್ಲಿ, ಕಾಸರವಡವಲಿ ಹತ್ತಿರ. ಅಮ್ಮ ಇರೋದು ಕುಂದಾಪುರದ ಕಡೆ ಒಂದು ಹಳ್ಳಿಯಲ್ಲಿ, ಒಬ್ಬರೇ. ವಯಸ್ಸು 69, ಮೊಣಕಾಲು ನೋವು. ಅವರನ್ನ ಇಲ್ಲಿಗೆ ಹೇಗೆ ಕರೆಸಿಕೊಳ್ಳೋದು ಅನ್ನೋದೇ ಇವತ್ತಿನ ವಿಷಯ. ನಿಮ್ಮಲ್ಲಿ ಸುಮಾರು ಜನಕ್ಕೆ ಇದೇ ಪ್ರಶ್ನೆ ಇದೆ ಅಂತ ಗೊತ್ತು.

ಎರಡು ವರ್ಷದ ಹಿಂದೆ ನಾನೇ ಹೋಗಿ ವಿಮಾನದಲ್ಲಿ ಕರ್ಕೊಂಡು ಬಂದೆ. ಮಂಗಳೂರಿಂದ ಮುಂಬೈಗೆ ಹೆಚ್ಚೂಕಡಿಮೆ ಒಂದೂವರೆ ಗಂಟೆ, ಇನ್ನೇನು ಬೇಕು ಅಂದ್ಕೊಂಡಿದ್ದೆ. ಆದರೆ ಊರಿಂದ ಬಜಪೆಗೇ ಕಾರಲ್ಲಿ ಎರಡು ಗಂಟೆಗೂ ಮೇಲೆ. ಅಲ್ಲಿ ಮೊದಲೇ ಹೋಗಿ ಕಾಯೋದು ಬೇರೆ. ಮುಂಬೈಯಲ್ಲಿ ಇಳಿದಾಗ ಸಂಜೆ ಆರು.

ಇಲ್ಲಿ ನಮ್ಮ ರಸ್ತೆಯ ಭೂಗೋಳ ಸ್ವಲ್ಪ ಹೇಳಬೇಕು. ವಿಮಾನ ನಿಲ್ದಾಣಕ್ಕೂ ನಮಗೂ ನಡುವೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಅಡ್ಡ ಇದೆ. ಪೂರ್ವದಿಂದ ಮುಲುಂಡ್ ದಾಟಿ ಮಾಜಿವಾಡಾ ಕಡೆಯಿಂದ ಬರಬಹುದು, ಇಲ್ಲಾ ಪಶ್ಚಿಮದಿಂದ ದಹಿಸರ್, ಕಾಶಿಮೀರಾ ದಾಟಿ ಗಾಯ್‌ಮುಖ್ ಘಾಟ್ ಮೂಲಕ ಬರಬಹುದು. ಮ್ಯಾಪು ಪಶ್ಚಿಮ ತೋರಿಸಿತು, ಡ್ರೈವರು ಅದನ್ನೇ ಹಿಡಿದ. ಘಾಟ್‌ನಲ್ಲಿ ರಸ್ತೆ ರಿಪೇರಿ, ಒಂದೇ ಲೇನು, ಎದುರಿಗೆ ಗುಜರಾತ್ ಕಡೆ ಹೋಗೋ ಕಂಟೇನರ್ ಲಾರಿಗಳ ಸಾಲು. ಆ ಒಂದು ತುಂಡಿಗೇ ಎರಡು ಮುಕ್ಕಾಲು ಗಂಟೆ.

ಅಮ್ಮ ಎರಡು ಸಲ "ಇನ್ ಎಷ್ಟ್ ದೂರ ಮಗಾ" ಅಂತ ಕೇಳಿದ್ರು. ಮೂರನೇ ಸಲ ಕೇಳಲಿಲ್ಲ. ಮನೆಗೆ ಬಂದವರು ಮೊಮ್ಮಗಳನ್ನೂ ನೋಡದೆ ಸೀದಾ ಬಚ್ಚಲಿಗೆ ಹೋದ್ರು. ಮಧ್ಯಾಹ್ನದಿಂದ ಅವರು ನೀರೇ ಕುಡಿದಿರಲಿಲ್ಲ ಅನ್ನೋದು ನನಗೆ ಮಾರನೇ ದಿನ ಹೆಂಡತಿ ಹೇಳಿದ ಮೇಲೆ ಗೊತ್ತಾಗಿದ್ದು. ಊರಿಗೆ ವಾಪಸ್ ಹೋದವರು ಮತ್ತೆ ಒಂದೂವರೆ ವರ್ಷ ಬರಲಿಲ್ಲ. ಕರೆದಾಗೆಲ್ಲ ಒಂದೊಂದು ನೆಪ: ಅಡಿಕೆ, ದನ, ನಾಗರಪಂಚಮಿ.

ನಾನು ಲೆಕ್ಕ ಹಾಕಿದ್ದೇ ತಪ್ಪು. ಒಟ್ಟು ಎಷ್ಟು ಗಂಟೆ ಅಂತ ನೋಡಿದೆ. ನೋಡಬೇಕಾಗಿದ್ದು ಟಾಯ್ಲೆಟ್ ಇಲ್ಲದೆ ಒಂದೇ ಸಮನೆ ಎಷ್ಟು ಹೊತ್ತು ಕೂತಿರಬೇಕು ಅಂತ. ಹಾಗೆ ನೋಡಿದರೆ ಸ್ಲೀಪರ್ ಬಸ್ಸನ್ನ ಮೊದಲೇ ಹೊಡೆದು ಹಾಕಿ. ರಾತ್ರಿ ಎಲ್ಲಿ ನಿಲ್ಲಿಸ್ತಾರೆ ಅನ್ನೋದು ಡ್ರೈವರ್ ಇಷ್ಟ.

ಮತ್ಸ್ಯಗಂಧ ಎಕ್ಸ್‌ಪ್ರೆಸ್ ನೋಡಿ. ಸಂಜೆ ನಾಲ್ಕರ ಆಸುಪಾಸು ಕುಂದಾಪುರ ಬಿಟ್ಟು ಬೆಳಗಿನ ಜಾವ ಠಾಣೆಗೆ ಬರುತ್ತೆ. ಹದಿಮೂರು ಗಂಟೆ ಜಾಸ್ತಿಯೇ, ಆದರೆ ಮಲಗಿಕೊಂಡು, ಟಾಯ್ಲೆಟ್ ನಾಲ್ಕು ಹೆಜ್ಜೆ ದೂರದಲ್ಲಿ. ಆ ಹೊತ್ತಿಗೆ ಠಾಣೆ ಸ್ಟೇಷನ್ನಿಂದ ನಮ್ಮ ಮನೆಗೆ ಹತ್ತು ಚಿಲ್ಲರೆ ಕಿಲೋಮೀಟರ್ ಅರ್ಧ ಗಂಟೆ ಹಾದಿ. ಅದೇ ರೈಲಿಂದ ಸಂಜೆ ಏಳಕ್ಕೆ ಇಳಿಯೋ ಹಾಗಿದ್ದರೆ ನಾನು ಈ ಮಾತು ಹೇಳ್ತಿರಲಿಲ್ಲ.

ಬರ್ತ್ ವಿಷಯದಲ್ಲಿ ನಾನು ಇನ್ನೊಂದು ತಪ್ಪು ಮಾಡಿದ್ದೆ. ಹಿಂದೊಮ್ಮೆ ಇಬ್ಬರದ್ದೂ ಒಂದೇ ಟಿಕೆಟ್ ಮಾಡಿದ್ದಕ್ಕೆ ಅಮ್ಮನಿಗೆ ಅಪ್ಪರ್ ಬಂತು. "ಹತ್ತುಕ್ ಆತಿಲ್ಲ ಮಗಾ" ಅಂತ ನಿಂತೇ ಇದ್ರು. ಲೋಯರ್ ಬರ್ತ್ ಕೋಟಾ ಅಂತ ಬೇರೆಯೇ ಇದೆ, ಅರವತ್ತು ದಾಟಿದ ಗಂಡಸರಿಗೆ, ನಲವತ್ತೈದು ದಾಟಿದ ಹೆಂಗಸರಿಗೆ. ಒಂದು ಟಿಕೆಟ್ಟಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ, ಇಬ್ಬರೂ ಆ ವಯಸ್ಸಿನವರೇ ಆಗಿರಬೇಕು. ಮಗ ಜೊತೆಗೆ ಸೇರಿಕೊಂಡ ತಕ್ಷಣ ಕೋಟಾ ಹೋಯ್ತು. ಹಾಗಾಗಿ ಅಮ್ಮನ ಟಿಕೆಟ್ ಬೇರೆ, ನಿಮ್ಮದು ಬೇರೆ ಮಾಡಿ. 2024ರ ನವೆಂಬರ್ 1ರಿಂದ ಮುಂಗಡ ಬುಕ್ಕಿಂಗ್ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದ್ದು ಮತ್ತೆ ಬಂದಿಲ್ಲ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ರೈಲು ನಿಧಾನ, ಸಮಯ ನೋಡ್ಕೊಳ್ಳಿ.

ರೈಲಿನ ಕಷ್ಟ ಅಂದ್ರೆ ಠಾಣೆಯಲ್ಲಿ ಇಳಿಯೋದು. ನಿಲ್ಲೋದು ಸ್ವಲ್ಪವೇ ಹೊತ್ತು, ನಮ್ಮವರ ಕೈಯಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ. ಹಿಂದಿನ ನಿಲುಗಡೆ ಪನ್ವೇಲ್. ಅಲ್ಲಿಗೆ ಬಂದಾಗ ನಾನು ಫೋನ್ ಮಾಡಿ ಎಬ್ಬಿಸ್ತೀನಿ. ಅಷ್ಟರಲ್ಲಿ ಬಚ್ಚಲಿಗೆ ಹೋಗಿ ಬಂದು, ಚೀಲ ಬಾಗಿಲ ಹತ್ತಿರ ತಂದುಕೊಳ್ಳೋಕೆ ಸಮಯ ಸಿಗುತ್ತೆ. ನಾನು ಪ್ಲಾಟ್‌ಫಾರ್ಮಲ್ಲಿ ಅವರ ಬೋಗಿ ಬರೋ ಜಾಗದಲ್ಲೇ ನಿಂತಿರ್ತೀನಿ.

ನವಿ ಮುಂಬೈ ವಿಮಾನ ನಿಲ್ದಾಣದಿಂದ 2025ರ ಡಿಸೆಂಬರ್ 25ರಿಂದ ವಿಮಾನ ಹಾರಾಟ ಶುರುವಾಯ್ತಲ್ಲ ಅಂತೀರಿ. ನೆರೂಲ್, ಖಾರ್ಘರ್‌ನವರಿಗೆ ನಿಜಕ್ಕೂ ಒಳ್ಳೇದು. ನಮಗೆ ಠಾಣೆ-ಬೇಲಾಪುರ ರಸ್ತೆ ಮುಗಿಸಿ, ಮಾಜಿವಾಡಾ ದಾಟಿ, ಆಮೇಲೆ ನಮ್ಮದೇ ರಸ್ತೆ. ಗಾಯ್‌ಮುಖ್ ತನಕದ ಮೆಟ್ರೊದ ಪ್ರಾಯೋಗಿಕ ಓಟ 2025ರ ಸೆಪ್ಟೆಂಬರಲ್ಲಿ ಆಯ್ತು, ಬೋರಿವಲಿಗೆ 11.8 ಕಿಲೋಮೀಟರ್ ಸುರಂಗದ ಯೋಜನೆಯೂ ಇದೆ. ಅವೆಲ್ಲ ಪೂರ್ತಿ ಆದ ಮೇಲೆ ಈ ಲೆಕ್ಕ ಮತ್ತೆ ಹಾಕೋಣ.

ವಾಪಸ್ ಹೋಗೋಕೆ ನಾನು ಮತ್ಸ್ಯಗಂಧ ಹೇಳಲ್ಲ. ಮಧ್ಯಾಹ್ನ ಹತ್ತಿದರೆ ನಡುರಾತ್ರಿ ಕಳೆದ ಮೇಲೆ ಊರಲ್ಲಿ ಇಳಿಸುತ್ತೆ. ಸಿಎಸ್‌ಎಂಟಿ-ಮಂಗಳೂರು ಜಂಕ್ಷನ್ ರೈಲು ರಾತ್ರಿ ಹೊರಟು ಮಾರನೇ ದಿನ ಹಗಲಲ್ಲಿ ಉಡುಪಿ ಮುಟ್ಟುತ್ತೆ. ಮನೆಯಿಂದ ಮಾತ್ರ ಸಂಜೆ ಏಳಕ್ಕೇ ಹೊರಡಬೇಕು. ಸ್ಟೇಷನ್ನಲ್ಲಿ ಕಾದರೂ ಪರವಾಗಿಲ್ಲ, ಅಲ್ಲಿ ವೇಟಿಂಗ್ ರೂಮಾದ್ರೂ ಇರುತ್ತೆ.

ಹೋದ ದೀಪಾವಳಿಗೆ ಅಮ್ಮ ಹೀಗೇ ಬಂದ್ರು. ಆಟೋದಲ್ಲಿ ಕೂತವರು ನನ್ನ ನೀರಿನ ಬಾಟ್ಲಿ ಇಸ್ಕೊಂಡು ಅರ್ಧ ಖಾಲಿ ಮಾಡಿದ್ರು.