ಒಪ್ಪಿಗೆಯ ಹಾದಿ

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿದಂತೆ ಮೈನ್ ಎಂಬ ರಾಜ್ಯವಿದೆ. ಅದರ ನೆಲದಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಕಾಡೇ. ಸ್ಪ್ರೂಸ್, ಫರ್, ಸೀಡರ್ ಮರಗಳು, ನಡುನಡುವೆ ದೊಡ್ಡ ದೊಡ್ಡ ಸರೋವರಗಳು. ಜನವರಿಯ ಶನಿವಾರ ಬೆಳಿಗ್ಗೆ ಮಿಲಿನಾಕೆಟ್ ಊರಿಗೋ ಮೂಸ್‌ಹೆಡ್ ಸರೋವರದ ದಡದ ಗ್ರೀನ್‌ವಿಲ್‌ಗೋ ಹೋದರೆ, ಸ್ಥಳೀಯ ಕ್ಲಬ್ಬಿನವರು ಹೆಲ್ಮೆಟ್ಟು, ದಪ್ಪ ಕೈಗವಸು ತೊಟ್ಟು, ಸ್ನೋಮೊಬೈಲ್‌ಗಳ ಎಂಜಿನ್ನು ಬಿಸಿಯಾಗಲಿ ಎಂದು ಕಾಯುತ್ತ ನಿಂತಿರುವುದು ಕಾಣುತ್ತದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಾದರೂ ಅವರಿಗೆ ಅದು ಹೊರಡುವ ದಿನವೇ. ಹಗಲೆಲ್ಲ ಕಾಡಿನಲ್ಲಿ ಓಡಾಡಿ, ರಾತ್ರಿ ಎಲ್ಲಾದರೂ ತಂಗಿ, ಭಾನುವಾರ ಬೇರೊಂದು ಹಾದಿ ಹಿಡಿದು ಮನೆ ಸೇರುತ್ತಾರೆ.

ಸ್ನೋಮೊಬೈಲ್ ಎಂದರೆ ಮುಂದೆ ಎರಡು ಸ್ಕೀ, ಹಿಂದೆ ಸುತ್ತುವ ರಬ್ಬರ್ ಪಟ್ಟಿ, ಹಿಡಿಯಲು ಬೈಕಿನದರಂಥ ಹ್ಯಾಂಡಲ್. ಈ ವಾಹನದ ಹಿಂದೆ ಒಬ್ಬ ತಂದೆಯ ದುಃಖವಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗು ಹೊಟ್ಟೆಯ ಸೋಂಕಿನಿಂದ ನರಳಿ ತೀರಿಕೊಂಡಿತು. ದಾರಿಯೆಲ್ಲ ಹಿಮ ತುಂಬಿ, ಆಸ್ಪತ್ರೆಗೆ ಒಯ್ಯಲು ಆಗಲೇ ಇಲ್ಲ. ಹಿಮದ ಮೇಲೆ ಓಡುವ ಗಾಡಿಯ ಪ್ರಯೋಗಗಳನ್ನು ಅವರು ಹದಿಹರೆಯದಲ್ಲೇ ಶುರುಮಾಡಿದ್ದರು, ಆಮೇಲೂ ಬಿಡಲಿಲ್ಲ. ಮೊದಲು ಹಲವರು ಕೂರಬಹುದಾದ ದೊಡ್ಡ ಗಾಡಿಗಳು ಬಂದವು, 1959ರಲ್ಲಿ ಒಬ್ಬಿಬ್ಬರು ಏರಬಹುದಾದ ಹಗುರ ಸ್ಕಿ-ಡೂ ಬಂತು. ದಾರಿಯೇ ಇಲ್ಲದಲ್ಲಿ ಹೋಗುವುದಕ್ಕೆಂದು ಹುಟ್ಟಿದ ಯಂತ್ರ ಇದು.

ಹಾಗಿದ್ದರೂ ಇವತ್ತು ಈ ವಾರಾಂತ್ಯದ ಸವಾರರಿಗೆ ದಾರಿ ಬೇಕು. ಆ ದಾರಿ ಹುಟ್ಟುವ ಬಗೆಯೇ ನನ್ನ ಮನಸ್ಸಿನಲ್ಲಿ ನಿಂತಿರುವುದು.

ಮೈನ್ ರಾಜ್ಯದಲ್ಲಿ ಸ್ನೋಮೊಬೈಲ್ ಹಾದಿಗಳು ಸುಮಾರು 22,000 ಕಿಲೋಮೀಟರ್ ಉದ್ದಕ್ಕೆ ಹಬ್ಬಿವೆ. ಆದರೆ ಅಲ್ಲಿಯ ನೆಲದಲ್ಲಿ ಶೇಕಡಾ 90ಕ್ಕೂ ಹೆಚ್ಚು ಖಾಸಗಿಯವರದು. ಒಂದು ಹಾದಿ ಯಾರದೋ ಆಲೂಗಡ್ಡೆ ಹೊಲದ ಅಂಚಿನಲ್ಲಿ ಸಾಗಿ, ಮರದ ಕಂಪನಿಯ ಕಾಡು ಹೊಕ್ಕು, ಇನ್ಯಾರದೋ ಹಿತ್ತಿಲ ಹಿಂದಿನಿಂದ ಹೊರಬರುತ್ತದೆ. ಬಾಡಿಗೆಯ ಮಾತು ವಿರಳ. ಬಹುಪಾಲು ಕಡೆ ಇರುವುದು ಒಪ್ಪಿಗೆ ಮಾತ್ರ. ಹಣ ತೆಗೆದುಕೊಳ್ಳದೆ ಜನರ ವಿಹಾರಕ್ಕೆ ಜಮೀನು ಬಿಟ್ಟವರ ತಲೆಗೆ ಅಪಘಾತದ ಹೊಣೆ ಬರದಂತೆ ರಾಜ್ಯದ ಕಾನೂನು ಕಾಯುತ್ತದೆ, ಅದು ನಿಜ. ಆದರೆ ಒಪ್ಪಿಗೆ ಕೊಡಿ ಎಂದು ಯಾವ ಕಾನೂನೂ ಒತ್ತಾಯಿಸುವುದಿಲ್ಲ. ಬಂಡಿದಾರಿಯ ತಕರಾರಿಗಾಗಿ ತಾಲ್ಲೂಕು ಕಚೇರಿಗೆ ಅಲೆದ ನಮ್ಮ ರೈತರನ್ನು ಕೇಳಿ, ಪರರ ಜಮೀನಿನಲ್ಲಿ ಒಂದು ಗೇಣು ದಾರಿ ಸಿಗುವುದು ಎಷ್ಟು ದೊಡ್ಡ ಸಂಗತಿ ಎಂದು ಅವರು ಹೇಳುತ್ತಾರೆ.

ಕೇಳಿ ಪಡೆಯುವ ಈ ಕೆಲಸ ಕ್ಲಬ್ಬಿನದು. ಎಲೆ ಉದುರುವ ಕಾಲದಲ್ಲೇ ಸದಸ್ಯರು ಜಮೀನಿನ ಒಡೆಯರ ಮನೆಗೆ ಹೋಗುತ್ತಾರೆ. ಈ ವರ್ಷ ಮರ ಕಡಿಸುತ್ತೀರಾ, ಹಾದಿಯನ್ನು ಆಚೆಗೆ ಸರಿಸಬೇಕಾ, ಹೋದ ಸಲ ಯಾರಾದರೂ ಬೇಲಿ ಮುರಿದರಾ ಎಂದು ವಿಚಾರಿಸುತ್ತಾರೆ. ಆಮೇಲೆ ಬಿದ್ದ ಮರ ಎಳೆದುಹಾಕುವುದು, ಹಳ್ಳಗಳಿಗೆ ಮರದ ಸೇತುವೆ ಕಟ್ಟುವುದು, ತಿರುವುಗಳಲ್ಲಿ ಫಲಕ ಹೊಡೆಯುವುದು. ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು. ವಾಹನಗಳ ನೋಂದಣಿ ಶುಲ್ಕದಲ್ಲಿ ಒಂದು ಪಾಲು ಅನುದಾನವಾಗಿ ಬರುತ್ತದೆ, ಅದರಿಂದ ಡೀಸೆಲ್ಲಿನ ಖರ್ಚು ಒಂದಷ್ಟು ಕಳೆಯುತ್ತದೆ.

ಹಿಮ ಬಿದ್ದ ಮೇಲೆ ಕೆಲಸ ರಾತ್ರಿಗೆ ಹೊರಳುತ್ತದೆ. ಸವಾರಿಯಿಂದ ಹಾದಿಯ ತುಂಬ ಉಬ್ಬುತಗ್ಗು ಏಳುತ್ತದೆ. ಗ್ರೂಮರ್ ಎನ್ನುವ ಪಟ್ಟಿಚಕ್ರದ ದೊಡ್ಡ ಯಂತ್ರ ಆ ಉಬ್ಬುಗಳನ್ನು ಕೆರೆದು, ಹಿಮವನ್ನು ಪುಡಿಮಾಡಿ, ಮತ್ತೆ ಒತ್ತಿ ಸಪಾಟು ಮಾಡುತ್ತ ಹೋಗುತ್ತದೆ. ಕದಡಿದ ಹಿಮದ ಹರಳುಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗಲು ಕೆಲವು ತಾಸು ಚಳಿ ಬೇಕು, ಯಾರೂ ತುಳಿಯದ ಬಿಡುವೂ ಬೇಕು. ಅದಕ್ಕೇ ರಾತ್ರಿ. ಹಗಲೆಲ್ಲ ತನ್ನ ಉದ್ಯೋಗ ಮಾಡಿ ಬಂದ ಮನುಷ್ಯ ನಡುರಾತ್ರಿಯವರೆಗೆ ಆ ಯಂತ್ರದಲ್ಲಿ ಕುಳಿತಿರುತ್ತಾನೆ. ಬೆಳಿಗ್ಗೆ ಬಂದ ಸವಾರರಿಗೆ ಕಾಣುವುದು ನುಣುಪಾದ ಬಿಳಿ ಹಾದಿ ಮಾತ್ರ.

ಸವಾರಿಯಲ್ಲೂ ಕ್ಲಬ್ಬಿನವರ ನಡವಳಿಕೆ ನನಗೆ ಹಿಡಿಸುತ್ತದೆ. ಎದುರಿಗೆ ಬೇರೆ ತಂಡ ಬಂದರೆ, ನಮ್ಮ ಹಿಂದೆ ಇನ್ನೂ ಜನ ಇದ್ದಾರೆ ಎಂದು ಕೈಸನ್ನೆ ಮಾಡುತ್ತಾರೆ. ಸಾಲಿನ ಕೊನೆಯವರು ಎಡಗೈ ಮುಷ್ಟಿ ಎತ್ತುತ್ತಾರೆ: ಇನ್ನು ಯಾರೂ ಇಲ್ಲ, ನಿಶ್ಚಿಂತೆಯಿಂದ ಹೋಗಿ ಎಂದು. ಕವಲು ಬಂದಲ್ಲಿ ಹಿಂದಿನವರು ಕಾಣುವವರೆಗೆ ಮುಂದಿನವರು ಕದಲುವುದಿಲ್ಲ. ಸರೋವರ ದಾಟುವ ಮುನ್ನ ಮಂಜುಗಡ್ಡೆಯ ದಪ್ಪ ವಿಚಾರಿಸುತ್ತಾರೆ. ಮೇಲೆ ಹಿಮ ದಟ್ಟವಾಗಿದ್ದಷ್ಟೂ ಅದು ಚಳಿಯನ್ನು ತಡೆಯುವುದರಿಂದ, ಕೆಳಗಿನ ಗಡ್ಡೆ ತೆಳುವಾಗಿಯೇ ಉಳಿಯಬಹುದು. ಕಣ್ಣಿಗೆ ಮಾತ್ರ ಎಲ್ಲ ಒಂದೇ ಬಯಲು. ಹಾದಿಯಲ್ಲಿ ಮೂಸ್ ಎಂಬ ಭಾರಿ ಜಿಂಕೆ ಎದುರಾದರೆ ಎಂಜಿನ್ನು ಆರಿಸಿ ಕಾಯುತ್ತಾರೆ. ಅಲ್ಲಿಯ ಪ್ರಾಣಿಗಳಿಗೆ ಚಳಿಗಾಲ ಕಳೆಯಲು ಮೈಯಲ್ಲಿ ಕೂಡಿಟ್ಟ ಕೊಬ್ಬೇ ದೊಡ್ಡ ಆಧಾರ. ಬೆದರಿಸಿ ಓಡಿಸಿದರೆ ಆ ಕೊಬ್ಬು ಕರಗುತ್ತದೆ, ವಸಂತದವರೆಗೆ ಬದುಕುವುದು ಕಷ್ಟವಾಗುತ್ತದೆ. ಈ ವಾಹನಗಳ ಸದ್ದಿಗೆ ಬೇಸರಪಡುವವರು ಅಲ್ಲೂ ಇದ್ದಾರೆ, ಅವರ ಬೇಸರಕ್ಕೆ ಕಾರಣವೂ ಇದೆ.

ಇಷ್ಟೆಲ್ಲ ಕಟ್ಟಿದ್ದು ಕೆಡಲು ಒಬ್ಬ ಸಾಕು. ಹುರುಪಿನಲ್ಲಿ ಹಾದಿ ಬಿಟ್ಟು ಯಾರದೋ ಎಳೆ ಸಸಿಗಳ ಮೇಲೆ ಗಾಡಿ ಓಡಿಸಿದರೆ, ಮರುದಿನ ಒಡೆಯರು ಪ್ರವೇಶವಿಲ್ಲ ಎಂದು ಫಲಕ ಹಾಕುತ್ತಾರೆ. ಆ ಒಂದು ತುಂಡು ಕಡಿದುಹೋದರೆ ಎರಡು ಊರುಗಳ ನಡುವಿನ ಸಂಚಾರವೇ ನಿಲ್ಲುತ್ತದೆ. ನಷ್ಟ ಸವಾರರಿಗಷ್ಟೇ ಅಲ್ಲ. ಮಿಲಿನಾಕೆಟ್ ಕಾಗದದ ಗಿರಣಿಯಿಂದ ಬೆಳೆದ ಊರು. ಆ ಗಿರಣಿ 2008ರಲ್ಲಿ ನಿಂತುಹೋಯಿತು. ಚಳಿಗಾಲದಲ್ಲಿ ಅಲ್ಲಿಯ ಹೋಟೆಲುಗಳಿಗೆ, ಪೆಟ್ರೋಲ್ ಬಂಕುಗಳಿಗೆ ಈ ಹಾದಿ ಹಿಡಿದು ಬರುವವರ ವ್ಯಾಪಾರ ಬೇಕು.

ಹತ್ತಿರದ ವರ್ಮಾಂಟ್ ರಾಜ್ಯದಲ್ಲಿ ಒಂದು ಕ್ರಮವಿದೆ. ಅಲ್ಲಿ ರಾಜ್ಯಮಟ್ಟದ ಹಾದಿಗಳಲ್ಲಿ ಓಡಾಡಬೇಕಾದರೆ ಯಾವುದಾದರೂ ಸ್ಥಳೀಯ ಕ್ಲಬ್ಬಿನ ಸದಸ್ಯರಾಗಲೇಬೇಕು. ಮೈನ್‌ನಲ್ಲಿ ಆ ಕಟ್ಟುಪಾಡಿಲ್ಲ, ವಾಹನ ನೋಂದಾಯಿಸಿದರೆ ಸಾಕು. ಸ್ವಾತಂತ್ರ್ಯದ ದೃಷ್ಟಿಯಿಂದ ಮೈನ್‌ನದೇ ಸರಿ ಎನ್ನುವವರಿದ್ದಾರೆ. ನನಗೆ ವರ್ಮಾಂಟ್‌ನ ಕ್ರಮ ಮೆಚ್ಚುಗೆ. ಸದಸ್ಯರಾದವರ ಕೈಗೆ ಕ್ಲಬ್ಬಿನ ಪತ್ರ ಬರುತ್ತದೆ, ಸಭೆಗೆ ಕರೆ ಬರುತ್ತದೆ, ಯಾರ ಹೊಲ, ಯಾರ ಕಾಡು ಎಂಬುದು ಕಿವಿಗೆ ಬೀಳುತ್ತದೆ. ಕರೆದ ನೂರು ಜನರಲ್ಲಿ ಹತ್ತು ಜನ ಬಂದರೂ ಅಕ್ಟೋಬರಿನಲ್ಲಿ ಒಂದು ಸೇತುವೆಗೆ ಹಲಗೆ ಹೊಡೆದು ಮುಗಿಸಬಹುದು.